ಅಕ್ಕದೊಣೆಯಲ್ಲಿ ಸುಕ್ಕುರೆಕ್ಕೆಯ ತಾಯಿ ನೆಲೆನಿಂತ ಕಥೆ

ದ್ವಾಪರವು ಮುಗಿದು, ಕಲಿಯು ಇನ್ನೂ ಹೊಸಿಲಿನಾಚೆ ನಿಂತು ಒಳಗೆ ಇಣುಕುತ್ತಿದ್ದ ಕಾಲದಲ್ಲಿ, ಈಗ ಕೆಂಗಲ್ಲು ಬೆಟ್ಟವೆಂದು ನಾವು ಕರೆಯುವ ಗಿರಿಗೆ ಲೋಹಿತಗಿರಿಯೆಂಬ ಹೆಸರಿತ್ತು. ಹುಲ್ಲು ಕೂಡ ಬೇರೂರಲು ಹಿಂಜರಿಯುವ ಹೆಬ್ಬಂಡೆಗಳ ನಡುವೆ, ಯಾರ ಉಳಿಯೂ ತಾಕದೆ ತಾನಾಗಿ ಆದ ಒಂದು ದೊಣೆಯು ಮಳೆಗಾಲದಲ್ಲಿ ತುಂಬಿ, ಚೈತ್ರ ಬಂದೊಡನೆ ತಳದ ಕೆಸರನ್ನಷ್ಟೇ ಉಳಿಸಿಕೊಂಡು ಆಕಾಶವನ್ನು ನೋಡುತ್ತ ಬಿದ್ದಿರುತ್ತಿತ್ತು. ಅದರ ದಂಡೆಯಲ್ಲಿ ಕುಶಪರ್ಣನೆಂಬ ಮಹರ್ಷಿಯು ದಿನಕ್ಕೊಂದು ಮಣ್ಣಿನ ಲಿಂಗವನ್ನು ಕೈಯಾರೆ ಮಾಡಿ, ಅದು ಆರುವ ತನಕ ಕಣ್ಣುಮುಚ್ಚಿ ಜಪಿಸಿ, ಆರಿದ ಮೇಲೆ ಪೂಜಿಸಿ, ಸಂಜೆ ನೀರಿಗೆ ಬಿಡುತ್ತ, ಹತ್ತು ಸಾವಿರ ಲಿಂಗಗಳ ವ್ರತವನ್ನು ಹಿಡಿದಿದ್ದನು.

ವ್ರತದ ಕೊನೆಯ ದಿನ, ದೇವಲೋಕದ ಏಳು ಮಂದಿ ಅಪ್ಸರೆಯರು ಜಲಕ್ರೀಡೆಗೆಂದು ಆ ದೊಣೆಗೆ ಇಳಿದರು. ಏಳೂ ಜನ ಒಡಹುಟ್ಟಿದವರು. ಕಿರಿಯವಳ ಹೆಸರು ತುಷಾರೆ. ಅಕ್ಕಂದಿರು ನೀರಾಟದಲ್ಲಿ ಮೈಮರೆತಿದ್ದಾಗ ಅವಳು ದಂಡೆಗೆ ಬಂದು, ಇನ್ನೂ ಹಸಿಯಾಗಿದ್ದ ಲಿಂಗವನ್ನು ಕಂಡಳು. ಅದು ಎಡಕ್ಕೆ ಕೂದಲೆಳೆಯಷ್ಟು ವಾಲಿತ್ತು. ಪಾಪ, ಮುದಿಜೀವದ ಕೈ ನಡುಗಿರಬೇಕೆಂದುಕೊಂಡು, ನೆಟ್ಟಗೆ ಮಾಡೋಣವೆಂದು ಒಂದೇ ಬೆರಳನ್ನು ಇಟ್ಟಳು. ಹಸಿಮಣ್ಣು ಬೆರಳನ್ನು ತಾಳಲಿಲ್ಲ. ಹತ್ತು ಸಾವಿರದ ಕೊನೆಯ ಲಿಂಗ ಕುಸಿದು ಮುದ್ದೆಯಾಯಿತು.

ಮಹರ್ಷಿಯು ಕಣ್ಣು ತೆರೆದನು. ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತೆಂದು ಹಿರಿಯರು ಹೇಳುತ್ತಾರೆ.

“ಆರದಿದ್ದುದನ್ನು ಮುಟ್ಟಿದೆ. ಕೆಡಿಸಲೆಂದಲ್ಲ, ತಿದ್ದಲೆಂದು ಮುಟ್ಟಿದೆ, ಅದನ್ನೂ ಬಲ್ಲೆ. ಹನ್ನೆರಡು ವರ್ಷ ಈ ಕೆಸರಿನಲ್ಲಿ ಹುಳುವಾಗಿ ಹರಿದಾಡು. ಅವಧಿ ತುಂಬಿದ ಶರತ್ಕಾಲದಲ್ಲಿ, ಶೀಗೆ ಹುಣ್ಣಿಮೆ ಕಳೆದ ಮೂರನೆಯ ಬೆಳಗ್ಗೆ, ಈ ಬಂಡೆಯನ್ನೇರು. ಬೆನ್ನು ಬಿರಿದು ರೆಕ್ಕೆ ಬರುವುದು. ಅದು ಬಿಸಿಲಿಗೆ ಆರುವ ತನಕ ಯಾರ ಕೈಯೂ ಸೋಕದಿದ್ದರೆ ಹಾರಿಹೋಗಿ ಅಕ್ಕಂದಿರನ್ನು ಸೇರುವೆ. ಸೋಕಿದರೆ ಈ ದೊಣೆಯೇ ನಿನ್ನ ಮನೆ.”

ಆರು ಮಂದಿ ಅಳುತ್ತ ಮೇಲೇರಿದರು. ಏಳನೆಯವಳು ಕೆಸರಿಗಿಳಿದಳು. ಮಹರ್ಷಿಯ ಕಥೆ ಇಷ್ಟೇ. ಮುಂದಿನದು ನಮ್ಮ ಮುದ್ದಾಜಮ್ಮನ ಕಥೆ.

ಬೆಟ್ಟದ ಬುಡದಲ್ಲಿ ಮಗ್ಗದಹಟ್ಟಿ. ಅಲ್ಲಿ ತೊರೆಯಪ್ಪನೆಂಬ ನೇಕಾರನಿದ್ದ. ಅವನ ಹೆಂಡತಿಯೇ ಮುದ್ದಾಜಮ್ಮ. ಗಂಡ ಮಗ್ಗದ ಮುಂದೆ ಕೂತು ನೇಯ್ದರೆ, ಹೆಂಡತಿ ಹಾಸಿನ ಎಳೆಗಳಿಗೆ ಗಂಜಿ ಹಾಕುವವಳು. ಹಾಸೆಂದರೆ ಮಗ್ಗಕ್ಕೆ ಏರುವ ಉದ್ದದ ಎಳೆಗಳು. ಅವನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಬಿಸಿಲೇರುವ ಮೊದಲೇ ಒಂದೊಂದು ಎಳೆಯನ್ನೂ ಬೆರಳಿನಿಂದ ಬಿಡಿಸಬೇಕು. ಒಂದೆಳೆ ಇನ್ನೊಂದಕ್ಕೆ ಅಂಟಿಕೊಂಡೇ ಒಣಗಿತೋ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಈ ಕೆಲಸದಲ್ಲಿ ಮುದ್ದಾಜಮ್ಮನ ಕೈಗೆ ಸಮನಾದ ಕೈ ಸುತ್ತ ಏಳು ಹಟ್ಟಿಗಳಲ್ಲಿ ಇರಲಿಲ್ಲ. ಕಣ್ಣು ಸುಕ್ಕನ್ನು ಕಾಣುವ ಮೊದಲೇ ಅವಳ ಬೆರಳು ಅಲ್ಲಿಗೆ ಹೋಗಿರುತ್ತಿತ್ತು. ಯಾರದೋ ಬೇಲಿಯ ಮೇಲೆ ಯಾರದೋ ಸೀರೆ ಮುದುಡಿಕೊಂಡು ಒಣಗುತ್ತಿದ್ದರೆ, ನಿಂತು ಅಂಚು ಎಳೆದು ಸರಿಮಾಡಿಯೇ ಮುಂದೆ ಹೋಗುತ್ತಿದ್ದಳು.

“ಮುದ್ದಾಜಿ, ನನ್ನ ಮುಖದ ಸುಕ್ಕೂ ಒಂದೀಟು ಎಳ್ದು ಹೋಗೇ,” ಎಂದು ಪಕ್ಕದ ಮನೆಯ ಮುದುಕಿ ರೇಗಿಸುತ್ತಿದ್ದಳು.

“ನಿಂದು ಒಣಗಿ ಭಾಳ ದಿನ ಆಗೋಯ್ತು ಕಣತ್ತೆ. ಹಸಿ ಇದ್ದಾಗ ಬರಬೇಕಾಗಿತ್ತು,” ಎಂದು ಇವಳು ನಗುತ್ತಿದ್ದಳು.

ಇಂಥ ನಗುವಿನವಳಿಗೆ ಒಂದು ಕೊರಗಿತ್ತು. ಮದುವೆಯಾಗಿ ಹದಿನೆಂಟು ವರ್ಷವಾಗಿದ್ದರೂ ಅವಳನ್ನು ಅವ್ವಾ ಎಂದು ಕರೆಯುವ ಜೀವ ಮನೆಯಲ್ಲಿರಲಿಲ್ಲ.

ಹಟ್ಟಿಯ ಬಾವಿಯದು ಸವುಳು ನೀರು. ಅದರಲ್ಲಿ ಕಾಯಿಸಿದ ಗಂಜಿ ಒಡೆಯುತ್ತಿತ್ತು. ಹಾಗಾಗಿ ಮುದ್ದಾಜಮ್ಮ ದಿನವೂ ಬೆಟ್ಟ ಹತ್ತಿ ದೊಣೆಯ ಮಳೆನೀರನ್ನೇ ತರುತ್ತಿದ್ದಳು. ಶಾಪದ ಏಳನೆಯ ವರ್ಷ ಬೇಸಿಗೆ ಬಲು ಬಿರುಸಾಗಿತ್ತು. ಕೊನೆಯ ಬೊಗಸೆ ನೀರನ್ನಾದರೂ ಬಳಿಯೋಣವೆಂದು ಅವಳು ದೊಣೆಯ ತಳಕ್ಕಿಳಿದು ತೆಂಗಿನ ಚಿಪ್ಪನ್ನು ಕೆಸರಿಗೆ ಹಾಕಿದಾಗ, ಕೆಸರೇ ಮಾತಾಡಿತು.

“ಅದನ್ನೂ ಬಳ್ಕೊಂಡು ಹೋದ್ರೆ ನಾನೇನು ಕುಡೀಲಿ?”

ಅಂಗೈಯಗಲದ ಹುಳು. ಮಣ್ಣಿನ ಬಣ್ಣ, ಆರು ಕಾಲು, ಮುಖದ ಅರ್ಧ ಕಣ್ಣು. ಮುದ್ದಾಜಮ್ಮ ಚಿಪ್ಪನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

“ಯಾರವ್ವ ನೀನು? ದೇವರೋ, ದೆವ್ವವೋ?”

“ದೇವಲೋಕದೋಳು. ಈಗ ನಿಮ್ಮ ದೊಣೆಯೋಳು.”

“ದೇವಲೋಕದೋರು ಹಿಂಗಾ ಮಾತಾಡೋದು? ಥೇಟ್ ನಮ್ಮ ಹಟ್ಟಿ ಮಾತು!”

“ಏಳು ವರ್ಷದಿಂದ ನೀರಿಗೆ ಬರೋ ನಿಮ್ಮ ಮಾತೇ ಕೇಳ್ತಾ ಬಿದ್ದಿದೀನಿ. ಇನ್ಯಾವ ಮಾತು ಬಂದಾತು? ಯಾರ ಮನೇಲಿ ಯಾರು ಯಾರಿಗೆ ಬೈದ್ರು ಅಂತ ಕೇಳು, ಎಲ್ಲಾ ಹೇಳ್ತೀನಿ.”

ಮುದ್ದಾಜಮ್ಮನಿಗೆ ನಗು ತಡೆಯಲಾಗಲಿಲ್ಲ. ಕೂತು ಪೂರ್ತಿ ಕಥೆ ಕೇಳಿದಳು. ಅಂದು ಅವಳು ಬರಿಗೊಡ ಹಿಡಿದು ಇಳಿದಳು. ಸಂಜೆ ದೂರದ ಹಳ್ಳದ ಒರತೆಯಿಂದ ತುಂಬಿದ ಕೊಡ ಹೊತ್ತು ಹತ್ತಿದಳು. ಮಳೆ ಬೀಳುವ ತನಕ ದಿನಕ್ಕೆ ಎರಡು ಕೊಡ. ಕೆಳಗಿನ ನೀರನ್ನು ಬೆಟ್ಟಕ್ಕೆ ಹೊರುವವಳನ್ನು ಕಂಡು ಹಟ್ಟಿಯವರು ತಲೆ ಕೆಟ್ಟಿದೆಯೆಂದರು. ತೊರೆಯಪ್ಪ ಮಾತ್ರ ಕೊಡದ ಕಂಠಕ್ಕೆ ಹೊಸ ಹಗ್ಗ ಹೊಸೆದುಕೊಟ್ಟ.

ಹೀಗೆ ಐದು ಬೇಸಿಗೆಗಳು ಕಳೆದವು. ಹುಳು ಅವಳನ್ನು ‘ಮಗ್ಗದವ್ವಾ’ ಎಂದು ಕರೆಯುತ್ತಿತ್ತು. ಮಗ್ಗ ಎಂಬ ಆ ಮೊದಲ ಮಾತು ಎಂದಾದರೂ ಉದುರಿ ಬರಿಯ ‘ಅವ್ವಾ’ ಉಳಿದೀತೆಂದು ಮುದ್ದಾಜಮ್ಮ ಕಾದಳು. ಬಾಯಿಬಿಟ್ಟು ಕೇಳಲಿಲ್ಲ.

ಹನ್ನೆರಡನೆಯ ವರ್ಷದ ಮಳೆಗಾಲದಲ್ಲಿ ತುಷಾರೆ ಹೇಳಿದಳು: “ಇನ್ನು ಮೂರೇ ತಿಂಗಳು. ನಾನು ಹೋದ ದಿನ ಅಕ್ಕಂದಿರು ನನಗೆ ಮದುವಣಗಿತ್ತಿ ಸಿಂಗಾರ ಮಾಡ್ತಾರೆ. ಶಾಪ ಕಳ್ಕೊಂಡು ಬಂದೋರಿಗೆ ನಮ್ಮಲ್ಲಿ ಹಂಗೇ.”

“ಹಂಗಾದ್ರೆ ಸೀರೆ ನಂದು,” ಎಂದಳು ಮುದ್ದಾಜಮ್ಮ.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಲಾಳಿಯನ್ನು ತಡೆದು ಗಂಭೀರವಾಗಿ ಕೇಳಿದ: “ಹುಳಕ್ಕೆ ಎಷ್ಟು ಮೊಳ ಬೇಕಾದಾತು?”

“ನಗಬ್ಯಾಡ. ಅವತ್ತಿಗೆ ಅದು ಹುಳ ಆಗಿರಲ್ಲ.”

“ನಾನೆಲ್ಲಿ ನಕ್ಕೆ? ಅಳತೆ ಕೇಳಿದೆ,” ಎಂದ. ಆಮೇಲೆ ದನಿ ತಗ್ಗಿಸಿ, “ಅದು ಹೋದ ಮ್ಯಾಲೆ ನೀನೇನು ಮಾಡ್ತೀಯೆ?” ಎಂದ.

ಮುದ್ದಾಜಮ್ಮ ಗಂಜಿಯ ಮಡಕೆ ತೊಳೆಯಲು ಎದ್ದಳು.

ಸೀರೆ ಸಿದ್ಧವಾಯಿತು: ನೀರಿನ ಬಣ್ಣದ ಒಡಲು, ಬೆಳ್ಳನೆಯ ಅಂಚು. ಹುಣ್ಣಿಮೆ ಕಳೆದ ಎರಡನೆಯ ಸಂಜೆ ಅದನ್ನು ತೋರಿಸಲು ಹೋದಾಗ, ತುಷಾರೆ ಸೀರೆಯನ್ನಲ್ಲ, ಅದನ್ನು ಹಿಡಿದಿದ್ದ ಕೈಯನ್ನೇ ನೋಡಿದಳು. ಆ ಕೈ ಮಾತಿನ ನಡುವೆಯೇ ಸೀರೆಯ ಮಡಿಕೆಗಳನ್ನು ಒಂದೊಂದಾಗಿ ತೀಡುತ್ತಿತ್ತು.

“ಮಗ್ಗದವ್ವಾ, ನಾಳೆ ನೀನು ಬರಲೇಬೇಕು. ಕಾಗೆ ಓಡಿಸೋಕೆ ನಂಗೆ ಬೇರೆ ಯಾರೂ ಇಲ್ಲ. ಆದ್ರೆ ಸೆರಗಿನಿಂದ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೋ.”

ಮುದ್ದಾಜಮ್ಮನಿಗೆ ಚುಚ್ಚಿದಂತಾಯಿತು. “ನಾನೇನು ಕಳ್ಳಿಯೇನೇ, ಕೈ ಕಟ್ಟಿಸ್ಕೊಂಡು ನಿಲ್ಲೋಕೆ? ಐದು ವರ್ಷ ನೀರು ಹೊತ್ತ ಕೈ ಇದು.”

“ಅದಕ್ಕೇ ಹೇಳಿದ್ದು.”

“ಮುಟ್ಟಲ್ಲ ಅಂತಿದೀನಲ್ಲ. ನನ್ನ ಮಾತು ಸಾಲದಾ?”

ಹುಳು ನೀರಿಗೆ ಜಾರುತ್ತ, “ಸಾಕು ಬಿಡು,” ಎಂದಿತು.

ಮರುದಿನ ಮೂಡಲು ಬೆಳ್ಳಗಾಗುವ ಹೊತ್ತಿಗೆ ಮುದ್ದಾಜಮ್ಮ ಬಂಡೆಯ ಬಳಿಯಿದ್ದಳು. ಸೀರೆಯನ್ನು ಇಬ್ಬನಿಯ ಮೇಲೆಯೇ ಬಂಡೆಗೆ ಹಾಸಿದಳು. ನೀರು ಕಲಕಿತು. ಹುಳು ಒಂದೊಂದೇ ಕಾಲೂರಿ ಬಂಡೆಯನ್ನೇರಿ ಮೊಳದೆತ್ತರದಲ್ಲಿ ನಿಂತಿತು. ಬೆನ್ನು ನೆಟ್ಟಗೆ ಸೀಳಿತು. ಸೀಳಿನಿಂದ ಮೊದಲು ಹಣೆ, ಆಮೇಲೆ ಹೆಗಲು, ಆಮೇಲೆ ಬಾಗಿದ ಎಳೆಯ ಮೈ ಹೊರಬಂತು. ಹುಳುವಿನ ಚಿಪ್ಪು ಕಲ್ಲಿಗೆ ಕಚ್ಚಿಕೊಂಡು ಬರಿದಾಗಿ ಉಳಿಯಿತು. ಅದರ ಮೇಲೆ ಕುಳಿತಿದ್ದವಳು ಮೊಳದುದ್ದದ ಹೆಣ್ಣು. ಬೆನ್ನಿನಲ್ಲಿ ನಾಲ್ಕು ರೆಕ್ಕೆ. ರೆಕ್ಕೆಯಲ್ಲ, ಹಿಂಡಿ ಒಗೆದ ಅರಿವೆಯ ನಾಲ್ಕು ಮುದ್ದೆ.

ಆ ಮುದ್ದೆಗಳು ನಿಧಾನವಾಗಿ ಅರಳತೊಡಗಿದವು. ಕಾಗೆಯೊಂದು ಇಳಿಯಿತು, ಮುದ್ದಾಜಮ್ಮ ಅದನ್ನು ಓಡಿಸಿದಳು. ಒಂದು ರೆಕ್ಕೆ ಬಿಚ್ಚಿತು. ಎರಡನೆಯದು ಬಿಚ್ಚಿತು. ಮೂರನೆಯದು ಗಾಜಿನಂತೆ ಹರಡಿ ಅದರೊಳಗಿನ ಗೆರೆಗಳೆಲ್ಲ ಹೊಸ ಹಾಸಿನ ಎಳೆಗಳಂತೆ ಕಂಡವು. ನಾಲ್ಕನೆಯದರ, ಎಡಗಡೆಯ ಕೆಳರೆಕ್ಕೆಯ, ತುದಿಯಲ್ಲಿ ಮಾತ್ರ ಬೆರಳಗಲದ ಒಂದು ಮಡಿಕೆ ಉಳಿದಿತ್ತು.

ಅಷ್ಟರಲ್ಲಿ ಗಾಳಿ ಬೀಸಿತು. ಎದುರಿನ ಗುಡ್ಡದ ತಲೆಯ ಮೇಲೆ ಬಿಸಿಲು ಬಿತ್ತು.

ಹಸಿ ಇರುವಾಗ ಬಿಡಿಸದ ಮಡಿಕೆ ಒಣಗಿದ ಮೇಲೆ ಬಿಡುವುದಿಲ್ಲ. ಇದು ಮುದ್ದಾಜಮ್ಮನಿಗೆ ಗೊತ್ತಿದ್ದ ಒಂದೇ ಶಾಸ್ತ್ರ. ಹಾಗೆ ಒಣಗಿದ ರೆಕ್ಕೆಯಲ್ಲಿ ಹುಡುಗಿ ಹಾರುವುದೆಂತು? ಅವಳು ತನ್ನ ಮಾತನ್ನು ನೆನೆದಳು. ನೆನೆಯುತ್ತಿದ್ದಂತೆಯೇ ಅವಳ ಹೆಬ್ಬೆರಳೂ ತೋರುಬೆರಳೂ ಮುಂದೆ ಹೋಗಿ, ಅಂಟಿದ ಎರಡೆಳೆಯನ್ನು ಬಿಡಿಸುವಷ್ಟೇ ಹಗುರವಾಗಿ, ಆ ಮಡಿಕೆಯನ್ನು ಹಿಡಿದು ಎಳೆದಿದ್ದವು.

“ಅವ್ವಾ!”

ಐದು ವರ್ಷ ಕಾದಿದ್ದ ಮಾತು ಅವಳ ಕಿವಿಗೆ ಬಿದ್ದದ್ದು ಹೀಗೆ.

ಬೆರಳು ತಾಕಿದ ಕಡೆಯಿಂದ ಸುಕ್ಕು ಬೆಂಕಿಯಂತೆ ಹರಡಿತು. ನೋಡನೋಡುತ್ತಿದ್ದಂತೆ ಆ ರೆಕ್ಕೆ ಬೇರಿನವರೆಗೂ ಮುದುಡಿ ಹಾಗೆಯೇ ಬಿರುಸಾಯಿತು. ಬಿಸಿಲು ಬಂಡೆಯನ್ನು ಮುಟ್ಟುವ ಹೊತ್ತಿಗೆ ಆರು ತಾಮ್ರವರ್ಣದ ಬೆಳಕುಗಳು ದೊಣೆಯ ಮೇಲೆ ಸುಳಿದವು. ತಂಗಿಯನ್ನು ಕರೆದೊಯ್ಯಲು ಬಂದ ಅಕ್ಕಂದಿರು ಅವರು. ತುಷಾರೆ ಜಿಗಿದಳು, ಒಂದು ಕಡೆಗೆ ತಿರುಗಿ ಬಂಡೆಗೆ ಬಿದ್ದಳು. ಮತ್ತೆ ಜಿಗಿದಳು. ಮೂರನೆಯ ಸಲ ಜಿಗಿಯಲಿಲ್ಲ.

ಆಗ ಹಿರಿಯಕ್ಕನ ವಾಣಿಯು ಬೆಟ್ಟವೆಲ್ಲ ಕೇಳುವಂತೆ ನುಡಿಯಿತು: “ಕೈ ಸೋಕಿತು. ಅದು ಒಲವಿನ ಕೈಯೋ ಹಗೆಯ ಕೈಯೋ ಎಂದು ಶಾಪವು ವಿಚಾರಿಸುವುದಿಲ್ಲ. ತಂಗಿ, ನೀನಿರುವ ಈ ದೊಣೆ ಇನ್ನು ಬತ್ತದಿರಲಿ. ವರ್ಷವರ್ಷವೂ ಇದರ ಕೆಸರಿನಿಂದ ಈ ಬಂಡೆಯನ್ನೇರುವ ಹುಳುಗಳಲ್ಲಿ, ಯಾರ ಕೈಯೂ ಸೋಕದವು ಹಾರಿ ನಮ್ಮನ್ನು ಕಾಣಲಿ. ನಿನ್ನ ಸುದ್ದಿಯನ್ನು ಅವು ತರಲಿ.”

ಬೆಳಕುಗಳು ಮೂರು ಸಲ ಸುತ್ತಿ ಮೇಲೇರಿದವು. ಮುದ್ದಾಜಮ್ಮ ಬಂಡೆಗೆ ಹಣೆ ಚಚ್ಚಿಕೊಂಡು ಅತ್ತಳು.

“ಬಾರವ್ವ, ನಮ್ಮನೆಗೆ ಬಾ. ಮಗಳ ಹಂಗೆ ಸಾಕ್ತೀನಿ. ನೆಲಕ್ಕೆ ಕಾಲು ಸೋಕದಂಗೆ ನೋಡ್ಕೋತೀನಿ.”

“ಬ್ಯಾಡ,” ಎಂದಳು ತುಷಾರೆ. “ನಾನು ಬಂದ್ರೆ ನಿಂಗೆ ಸಂತೋಷ ಆಗುತ್ತೆ. ಅದನ್ನ ದಿನಾ ನೋಡ್ತಾ ಇರೋಕೆ ನನ್ನ ಕೈಲಾಗಲ್ಲ. ಒಂದು ಮಾತು ಕೇಳ್ತೀನಿ, ನಿಜ ಹೇಳು. ಕೈ ತಾನಾಗಿ ಬಂತಾ? ಇಲ್ಲಾ, ನಾನು ಹೋಗಬಾರ್ದು ಅಂತ ನಿನ್ನ ಮನಸ್ಸೇ ಕಳಿಸ್ತಾ?”

ಮುದ್ದಾಜಮ್ಮ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ಗೊತ್ತಿಲ್ಲ ಕಣೇ.”

“ಆ ಮಣ್ಣು ಮುಟ್ಟಿದ ದಿನ ನಂಗೂ ಗೊತ್ತಿರಲಿಲ್ಲ,” ಎಂದು ತುಷಾರೆ ಬಂಡೆಯಿಂದ ಜಾರಿ ನೀರಿಗಿಳಿದಳು. ಅಲೆಗಳು ದಂಡೆಗೆ ಬಂದು ನಿಂತವು. ಬಂಡೆಯ ಮೇಲೆ ಹಾಸಿದ ಸೀರೆ ಇಬ್ಬನಿಯಲ್ಲಿ ನೆನೆದು ಮುದುಡಿ ಒಣಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಮುದ್ದಾಜಮ್ಮ ಒಂದು ಸುಕ್ಕನ್ನು ಕಂಡೂ ಕೈ ಚಾಚಲಿಲ್ಲ.

ಮುಂದಿನ ಬೇಸಿಗೆಯಲ್ಲಿ ದೊಣೆ ಬತ್ತಲಿಲ್ಲ. ಕೊಡ ಹೊರುವ ಕೆಲಸವೂ ಅವಳಿಗೆ ಉಳಿಯಲಿಲ್ಲ. ಗಂಜಿ ಹಾಕುವುದನ್ನು ಅವಳು ಬಿಡಲಿಲ್ಲ, ಹೊಟ್ಟೆಪಾಡು ನಡೆಯಬೇಕಲ್ಲ. ಆದರೆ ಪ್ರತಿ ಹಾಸಿನ ಕೊನೆಯಲ್ಲಿ ಬೆರಳಗಲದಷ್ಟನ್ನು ಬಿಡಿಸದೆ ಹಾಗೆಯೇ ಬಿಡತೊಡಗಿದಳು. ದೊಣೆಯಲ್ಲಿ ನೆಲೆಸಿದವಳನ್ನು ಹಟ್ಟಿಯವರು ಅಕ್ಕನೆಂದು ಕರೆಯತೊಡಗಿದ್ದರು. ಕೊಳ್ಳುವವರು ಕೊಂಕು ತೆಗೆದಾಗ ತೊರೆಯಪ್ಪ, “ಅದು ಅಕ್ಕನ ಸುಕ್ಕು. ಅದಿಲ್ಲದ ಸೀರೆ ಬೇಕಾದ್ರೆ ಬೇರೆ ಹಟ್ಟಿಗೆ ಹೋಗ್ರಪ್ಪಾ,” ಎಂದುಬಿಡುತ್ತಿದ್ದ.

ಪ್ರತಿ ಶರತ್ಕಾಲದಲ್ಲೂ ಶೀಗೆ ಹುಣ್ಣಿಮೆ ಕಳೆದ ಮೂರನೆಯ ಬೆಳಗ್ಗೆ ಅವಳು ಬೆಟ್ಟ ಹತ್ತಿ, ಅಂದು ಬೇಡವೆಂದಿದ್ದುದನ್ನು ಮಾಡಿದಳು. ಸೆರಗಿನಿಂದ ಎರಡೂ ಕೈಗಳನ್ನು ಬೆನ್ನ ಹಿಂದೆ ಗಂಡನಿಂದ ಕಟ್ಟಿಸಿಕೊಂಡು ಬಂಡೆಯ ಮುಂದೆ ನಿಂತಳು. ಹುಳುಗಳು ಏರಿದವು, ಬೆನ್ನು ಬಿರಿದವು, ರೆಕ್ಕೆ ಬಿಚ್ಚಿದವು. ಕೆಲವಕ್ಕೆ ಮಡಿಕೆ ಉಳಿಯುತ್ತಿತ್ತು. ಅವಳ ಬೆರಳುಗಳು ಸೆರಗಿನೊಳಗೆ ಮಿಡುಕಾಡುತ್ತಿದ್ದವು. ನೋಡುತ್ತಿದ್ದಂತೆ, ಹೆಚ್ಚಿನ ಮಡಿಕೆಗಳು ಬಿಸಿಲು ತಾಗಿದ ಮೇಲೆ ತಾವಾಗಿಯೇ ಬಿಚ್ಚಿಕೊಂಡವು. ಮೊದಲ ವರ್ಷ ಅದನ್ನು ಕಂಡ ದಿನ ಅವಳು ಮನೆಗೆ ಬಂದು ಉಣ್ಣಲಿಲ್ಲ. ಗಂಜಿಯ ಶಾಸ್ತ್ರ ಬೇರೆ, ರೆಕ್ಕೆಯ ಶಾಸ್ತ್ರ ಬೇರೆಯೆಂದು, ತುಷಾರೆ ಬಂಡೆಯೇರಿದ ದಿನ ಅರ್ಧ ಗಳಿಗೆ ಕಾದಿದ್ದರೆ ಗೊತ್ತಾಗುತ್ತಿತ್ತು.

ಬಿಸಿಲೇರಿದ ಮೇಲೆ ಅವಳು ನೀರಿನ ಕಡೆ ಬಾಗಿ ಕೂಗಿ ಹೇಳುತ್ತಿದ್ದಳು: “ಇವತ್ತು ಇಪ್ಪತ್ತೆಂಟು ಹಾರಿದ್ವು ಕಣವ್ವ. ಒಂದು ಹಾರಲಿಲ್ಲ.” ನೀರು ಮಾತಾಡುತ್ತಿರಲಿಲ್ಲ. ಹೀಗೆ ಇಪ್ಪತ್ತೊಂದು ವರ್ಷ. ಇಪ್ಪತ್ತೆರಡನೆಯ ವರ್ಷ ತೊರೆಯಪ್ಪನಿರಲಿಲ್ಲ. ಪಕ್ಕದ ಮನೆಯ ಸೊಸೆ ಕೈ ಕಟ್ಟಿಕೊಟ್ಟಳು. ಮುದ್ದಾಜಮ್ಮನ ಕಣ್ಣು ಮಂಜಾಗಿತ್ತು. ಎಲ್ಲ ಹಾರಿದ ಮೇಲೂ ಎಷ್ಟೆಂದು ಹೇಳಲಾಗದೆ ತಡವರಿಸುತ್ತ ನಿಂತಿದ್ದಾಗ, ಕೆಳಗಿನಿಂದ ದನಿ ಬಂತು.

“ನಲವತ್ತೊಂದು. ನಾನೂ ಎಣಿಸ್ತಾ ಇದ್ದೆ.” ಸ್ವಲ್ಪ ಹೊತ್ತು ಬಿಟ್ಟು, “ಕೈ ಬಿಚ್ಕೋ ಅವ್ವಾ, ನೋವಾದಾತು.”

ಮುದ್ದಾಜಮ್ಮ ಕೈ ಬಿಚ್ಚಿಸಿಕೊಳ್ಳಲಿಲ್ಲ. ಬೆಟ್ಟ ಇಳಿಯುವ ತನಕ ಹಾಗೆಯೇ ಇದ್ದಳು. ಮುಂದಿನ ಶರತ್ಕಾಲಕ್ಕೆ ಅವಳು ಇರಲಿಲ್ಲ.

ಭಕ್ತರು ಈಗ ಅಕ್ಕದೊಣೆಗೆ ಬಂದರೆ, ನೀರಿನ ಮೂಡಲ ದಂಡೆಯ ಕೆಂಬಂಡೆಯಲ್ಲಿ ಎರಡಾಳುದ್ದದ ಒಂದು ಬೆಳ್ಳನೆಯ ಗೆರೆ ಮುದುಡಿದ ಬಟ್ಟೆಯಂತೆ ಹರಿದಿರುವುದನ್ನು ಕಾಣಬಹುದು. ಅದೇ ಸುಕ್ಕುರೆಕ್ಕೆಯ ತಾಯಿಯ ಸೀರೆ. ಶರತ್ಕಾಲದಲ್ಲಿ ಅದೇ ಬಂಡೆಗೆ ಕಚ್ಚಿಕೊಂಡ ಬರಿಚಿಪ್ಪುಗಳೂ ಸಿಗುತ್ತವೆ. ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟವು ನೀರಿನಲ್ಲಿ ಕಳೆದ ಬಾಲ್ಯದ ಗುರುತು ಅವು. ದೂರದ ಗ್ರೀಕರು ನೀರಿನ ಚಿಲುಮೆಗಳನ್ನೂ ಮರಗಳನ್ನೂ ಬೆಟ್ಟಗಳನ್ನೂ ಕಾಯುವ ಕನ್ಯೆಯರನ್ನು ‘ನಿಂಫ್’ ಎಂದು ಕರೆದರು. ಮದುಮಗಳಿಗೂ ಅವರಲ್ಲಿ ಅದೇ ಮಾತು. ರೆಕ್ಕೆ ಬಾರದ ಈ ಮರಿಹುಳುವಿಗೆ ಪ್ರಾಣಿಶಾಸ್ತ್ರದ ಪುಸ್ತಕಗಳು ಕೊಟ್ಟಿರುವ ಹೆಸರೂ ಅದೇ ಆಗಿದೆ. ಆ ಗ್ರೀಕರೂ ಪುಸ್ತಕದವರೂ ನಮ್ಮ ದೊಣೆಯನ್ನು ಕಂಡವರಲ್ಲ. ಆದರೂ ಕಾಯುವ ಕನ್ಯೆ, ಮದುಮಗಳು, ಹುಳು, ಈ ಮೂವರನ್ನೂ ಒಂದೇ ಹೆಸರಿನಿಂದ ಕರೆಯಬೇಕೆಂದು ಅವರಿಗೂ ತೋಚಿತು.

ಇಲ್ಲಿ ಗುಡಿಯಿಲ್ಲ, ವಿಗ್ರಹವಿಲ್ಲ. ಶೀಗೆ ಹುಣ್ಣಿಮೆ ಕಳೆದ ಮೂರನೆಯ ಬೆಳಗ್ಗೆ ಒಂದು ಹೊಸ ಸೀರೆಯನ್ನು ದೊಣೆಯ ನೀರಿನಲ್ಲಿ ಅದ್ದಿ ಬಂಡೆಗೆ ಹಾಸುತ್ತಾರೆ. ಅದು ಹೇಗೆ ಮುದುಡಿದರೂ ಒಣಗುವ ತನಕ ಯಾರೂ ಸರಿಪಡಿಸುವಂತಿಲ್ಲ. ಬಂದವರೆಲ್ಲ ಕೈಗಳನ್ನು ಬೆನ್ನ ಹಿಂದೆ ಹಿಡಿದೇ ನಿಲ್ಲಬೇಕು; ಇಲ್ಲಿ ತಾಯಿಗೆ ನಮಸ್ಕಾರವೆಂದರೆ ಅದೇ. ಮಗ್ಗದಹಟ್ಟಿಯ ಹಿರಿಯ ಹೆಂಗಸು ಸೆರಗಿನಿಂದ ಕೈ ಕಟ್ಟಿಸಿಕೊಂಡು ಎಣಿಸಿ, ಬಿಸಿಲೇರಿದ ಮೇಲೆ ನೀರಿಗೆ ಕೂಗಿ ಹೇಳುತ್ತಾಳೆ. ಹಾರಿದವನ್ನಷ್ಟೇ ಹೇಳಿ ಉಳಿದವನ್ನು ಮುಚ್ಚಿಡುವ ಪದ್ಧತಿ ಇಲ್ಲಿಲ್ಲ. ನಲವತ್ತು ವರ್ಷಗಳ ಎಣಿಕೆ ತಿಥಿವಾರ ಸಹಿತ ಹಟ್ಟಿಯಲ್ಲಿ ಬರೆದಿಟ್ಟಿದೆ, ಕೇಳಿದವರಿಗೆ ತೋರಿಸಲಾಗುವುದು. ಕಳೆದ ವರ್ಷ ಹಾರಿದವು ಅರವತ್ತಮೂರು. ಎರಡು ಹಾರಲಿಲ್ಲ. ಅವೆರಡನ್ನೂ ಯಾರೂ ಮುಟ್ಟಿರಲಿಲ್ಲ. ಅದನ್ನೂ ತಾಯಿಗೆ ಕೂಗಿ ಹೇಳಲಾಯಿತು.